ಅಂಗೈಯ ಹನಿ

ಬೆಳಕು ಹರಿಯುವ ಮೊದಲೇ ಸೊಸೆ ನೀರು ತುಂಬಿ, ಹಿಟ್ಟು ಕಲಸಿ, ತರಕಾರಿ ಹೆಚ್ಚಿ, ಬೆಂದ ಬೇಳೆಯನ್ನು ಮೂರು ಪಾತ್ರೆಗೆ ಹಂಚಿರುತ್ತಾಳೆ: ಮಾವನಿಗೆ ಉಪ್ಪು ಕಡಿಮೆ, ಅತ್ತೆಗೆ ಖಾರ ಬೇಡ, ಗಂಡನಿಗೆ ಎರಡೂ ಜಾಸ್ತಿ. ಒಂದೊಂದರ ಹನಿಯನ್ನೂ ಅಂಗೈಗೆ ಬಿಟ್ಟು ನೆಕ್ಕಿ, ಆಯಾ ನಾಲಿಗೆಯ ಪರವಾಗಿ ತಾನೇ ತೀರ್ಪು ಕೊಡುತ್ತಾಳೆ. ಅತ್ತೆಯ ಪಾತ್ರೆಗೆ ಖಾರ ಸೋಕಿದರೆ ಕೆಮ್ಮೂ ಸೊಸೆಗೇ ಬರುತ್ತದೆ. "ಕೈರುಚಿ ಅಂದ್ರೆ ಇವಳದು, ಮಾತು ಮಾತ್ರ ಸಪ್ಪೆ" ಎಂದು ಗಂಡ ನೆಂಟರೆದುರು ನಗುತ್ತಾನೆ. ಮೊನ್ನೆ ತವರಿಗೆ ಹೋದಾಗ ತಂಗಿ, "ಅಕ್ಕಾ, ನಿಂಗೇನಿಷ್ಟ ಹೇಳು, ಅದನ್ನೇ ಮಾಡ್ತೀನಿ" ಎಂದಾಗ ಅವಳು ಮಾವನ ಇಷ್ಟ, ಅತ್ತೆಯ ಇಷ್ಟ, ಗಂಡನ ಇಷ್ಟ ಎಂದು ಬೆರಳು ಮಡಚಿ, ನಾಲ್ಕನೆಯ ಬೆರಳಿಗೆ ಬಂದು ನಿಂತಳು. ಇಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಮೇಲೆ, ಎಂದಿನಂತೆ ಮೂರು ಪಾತ್ರೆಗಳ ತಳ ಬಳಿದುಕೊಳ್ಳದೆ, ಒಂದು ಹಿಡಿ ಬೇಳೆಯನ್ನು ತನಗೆಂದೇ ಒಲೆಗಿಟ್ಟಳು. ಬೆಂದ ಮೇಲೆ ಅರ್ಧ ನಿಂಬೆ ಹಿಂಡಿ, ಅಂಗೈಗೆ ಹನಿ ಬಿಟ್ಟು ನೆಕ್ಕಿ, ಇನ್ನರ್ಧವನ್ನೂ ಹಿಂಡಿದಳು.