ನಾನು ಸೇರಿಸಿದ ನಾಲ್ಕು ಸೆಕೆಂಡು

ಮಾನ್ಯರೇ,

ಕಳೆದ ವರ್ಷ ನನ್ನ ಮಗಳು ಸಿಂಧು ಒಂಬತ್ತನೇ ತರಗತಿಯಲ್ಲಿದ್ದಾಗ ನಡೆದ ಘಟನೆಯೊಂದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಾನು ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ನೌಕರ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಸಹಿ ಹಾಕುವವನಲ್ಲ.

ಸಿಂಧು ಎಂಟುನೂರು ಮೀಟರ್ ಓಡುತ್ತಾಳೆ. ಶಾಲಾ ಮಟ್ಟದಲ್ಲಿ ಅವಳು ಓಡಿದ್ದು ಗೆಳತಿಯರ ಕೂಗಿಗಾಗಿ. ವಲಯ ಮಟ್ಟದಲ್ಲಿ, ಹಲಸೂರಿನ ಶಾಲೆಯ ಹುಡುಗಿಯೊಬ್ಬಳನ್ನು ಹಿಂದಿಕ್ಕಲೇಬೇಕೆಂಬ ಹಟಕ್ಕೆ. ಜಿಲ್ಲಾ ಮಟ್ಟದಲ್ಲಿಯೂ ಅದೇ ಹುಡುಗಿಯನ್ನು ಸೋಲಿಸಿ ರಾಜ್ಯ ಮಟ್ಟಕ್ಕೆ ಆಯ್ಕೆಯಾದಳು. ಆದರೆ ಅವಳ ಪಿ.ಟಿ. ಮೇಷ್ಟ್ರು, "ಅಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡ್ ಒಳಗೆ ಓಡ್ದೇ ಇದ್ರೆ ಲಾಸ್ಟೇ ಬರೋದು ಕಣಮ್ಮ" ಎಂದು ಎಚ್ಚರಿಸಿದ್ದರು.

ಪ್ರತಿದಿನ ಬೆಳಿಗ್ಗೆ ವಿಮಾನಪುರದ ನಮ್ಮ ಮನೆಯ ಬಳಿಯ ಮೈದಾನದಲ್ಲಿ ಅವಳು ಓಡುತ್ತಿದ್ದಳು. ಸ್ಟಾಪ್‌ವಾಚ್ ನನ್ನ ಕೈಯಲ್ಲಿರುತ್ತಿತ್ತು. ಹುರುಪು ತಗ್ಗದಿರಲೆಂಬ ಸದುದ್ದೇಶದಿಂದ ನಾನು ದಿನವೂ ನಾಲ್ಕು ಸೆಕೆಂಡು ಸೇರಿಸಿ ಹೇಳುತ್ತಿದ್ದೆನು. ಎರಡು ಮೂವತ್ತೆಂಟಕ್ಕೆ ಬಂದರೂ, "ನಲವತ್ತೆರಡು ಪುಟ್ಟಿ, ಇನ್ನೊಂಚೂರು" ಎನ್ನುತ್ತಿದ್ದೆನು. ಅವಳು ಮಂಡಿ ಹಿಡಿದು ಏದುಸಿರು ಬಿಡುತ್ತಾ ತಲೆಯಾಡಿಸುತ್ತಿದ್ದಳು.

ಒಂದು ದಿನ ಕೆಲಸದಲ್ಲಿದ್ದಾಗ ಮೇಷ್ಟ್ರ ಕರೆ ಬಂದಿತು.

"ಏನ್ ಸಾರ್, ಗೆದ್ದಿರೋ ಹುಡುಗೀನ ಹಿಂದಕ್ಕೆ ಎಳ್ಕೊಂಡ್ರಲ್ಲ! ನಿನ್ನೇನೇ ಹಲಸೂರಿನ ಹುಡುಗಿ ಹೆಸರು ಕಳಿಸಾಯ್ತು."

"ಯಾರ್ ಸಾರ್ ಹಾಗಂದಿದ್ದು?"

"ಲೆಟರ್ ಕೊಟ್ಟಿದಾಳಲ್ಲ ಸಾರ್. ಕೆಳಗೆ ನಿಮ್ದೇ ಸೈನ್ ಇದೆ!"

ಅವರು ಆ ಪತ್ರದ ಚಿತ್ರವನ್ನು ಮೊಬೈಲಿಗೆ ಕಳುಹಿಸಿದರು. 'ನನ್ನ ಸಮಯವು ಎಷ್ಟು ಪ್ರಯತ್ನಿಸಿದರೂ ಸುಧಾರಿಸುತ್ತಿಲ್ಲವಾದ್ದರಿಂದ, ಎರಡನೇ ಸ್ಥಾನ ಪಡೆದವರನ್ನು ಕಳುಹಿಸಬೇಕಾಗಿ ಕೋರುತ್ತೇನೆ.' ಕೆಳಗಿದ್ದುದು ನನ್ನದೇ ಸಹಿ. ಹಿಂದಿನ ವಾರ ಕಂಪನಿ ಬಸ್ಸಿಗೆ ಹೊರಟಿದ್ದಾಗ ಅವಳು ಮುಂದೆ ಹಿಡಿದ ಎರಡು ಮೂರು ಶಾಲಾ ಕಾಗದಗಳಿಗೆ ಓದದೆಯೇ ಸಹಿ ಹಾಕಿದ್ದೆನು.

ಸಂಜೆ ಅವಳೆದುರು ಕುಳಿತು ಎಲ್ಲವನ್ನೂ ಒಪ್ಪಿಕೊಂಡೆನು. ಅವಳು ಅಳಲಿಲ್ಲ.

"ಹಂಗಾದ್ರೆ ಇವತ್ತಿಂದು ನಿಜವಾಗ್ಲೂ ಎಷ್ಟಪ್ಪಾ?"

"ಎರಡು ಮೂವತ್ತೆಂಟು."

"ನಿನ್ನೇದು?"

"ಮೂವತ್ತೊಂಬತ್ತು."

"ಇದೂ ಸಮಾಧಾನಕ್ಕೆ ಹೇಳ್ತಿದೀಯಾ?"

ಸತ್ಯವನ್ನೇ ಹೇಳಿದ್ದರೂ ಅದನ್ನು ರುಜುವಾತುಪಡಿಸಲು ನನ್ನ ಬಳಿ ಏನೂ ಇರಲಿಲ್ಲ. ಆ ಕ್ಷಣದ ಆಘಾತ ಇಂದಿಗೂ ಇಳಿದಿಲ್ಲ.

ಈಗಲೂ ಅವಳು ಓಡುತ್ತಾಳೆ. ಸ್ಟಾಪ್‌ವಾಚ್ ಮಾತ್ರ ಅವಳ ಕೈಯಲ್ಲೇ ಇರುತ್ತದೆ. ಗೆರೆ ದಾಟಿ, ಗುಂಡಿ ಒತ್ತಿ, ಅಂಕಿ ನೋಡಿಕೊಂಡು ಒಮ್ಮೊಮ್ಮೆ ತನ್ನಷ್ಟಕ್ಕೇ ನಗುತ್ತಾಳೆ. "ಎಷ್ಟಾಯ್ತಮ್ಮಾ?" ಎಂದು ನಾನು ಕೇಳುತ್ತೇನೆ.

"ಹೇಳಲ್ಲ ಹೋಗಪ್ಪಾ."

ಮರುದಿನವೂ ನೀರಿನ ಬಾಟಲಿ ಹಿಡಿದು ಅದೇ ಗೆರೆಯ ಬಳಿ ನಿಲ್ಲುತ್ತೇನೆ.