ಅವ್ವನ ಲೋಬಾನ, ಖಾಲಿ ಡಬ್ಬಿ

ಜಹೀರಾಬಾದಿನ ನಮ್ಮ ಫ್ಲ್ಯಾಟಿನಲ್ಲಿ ಅಂದು ನಾನು, ನನ್ನವ್ವ, ನನ್ನ ಬಾಣಂತಿ ಮಗಳು ಮತ್ತು ಅವಳ ಇಪ್ಪತ್ತು ದಿನದ ಕೂಸು ಇದ್ದೆವು. ನೀರೆರೆದ ಕೂಸಿಗೆ ಅವ್ವ ಕೆಂಡದ ಬಟ್ಟಲಿಗೆ ಲೋಬಾನ ಹಾಕಿ ಹೊಗೆ ಕೊಡುತ್ತಿದ್ದಂತೆ ಛಾವಣಿಯ ಹೊಗೆ ಅಲಾರಾಂ ಚೀರತೊಡಗಿತು. ಕೂಸು ಬೆಚ್ಚಿಬಿದ್ದು ಅತ್ತಿತು. ಅವ್ವ ಅಲಾರಾಮಿಗೆ ಬಾಯಿಗೆ ಬಂದಂತೆ ಬೈದಳು.

ಫೋನ್ ಮಾಡಿದ್ದಕ್ಕೆ ಬಂದ ಬಿಲ್ಡರ್ ಕಡೆಯ ಎಲೆಕ್ಟ್ರಿಷಿಯನ್ ಏಣಿ ಹತ್ತಿ, ಅಲಾರಾಮಿನ ಬ್ಯಾಟರಿ ತೆಗೆದು, ಖಾಲಿ ಡಬ್ಬಿಯನ್ನು ಅಲ್ಲೇ ಸಿಕ್ಕಿಸಿದ.

“ಇನ್ನ ಒದರಂಗಿಲ್ರಿ. ಎಲ್ಲಾರ ಮನ್ಯಾಗೂ ಹಿಂಗೇ ಮಾಡೀನಿ. ಇದು ಬರೇ ಬಿಲ್ಡಿಂಗ್ ಪರ್ಮಿಷನ್ ಸಲುವಾಗಿ ಹಾಕ್ಯಾರ್ರಿ,” ಎಂದು ಮೇಲಿಂದಲೇ ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಐದು ಅಂತಸ್ತಿನ ಕಟ್ಟಡ. ಕೆಳಗೆ ಮಲಗಿದ ಮಕ್ಕಳು, ತಲೆಯ ಮೇಲೆ ಖಾಲಿ ಡಬ್ಬಿಗಳು! ನಾನು ಬಾಯಿ ತೆರೆಯುವ ಮೊದಲೇ ಅವ್ವ ಏಣಿಗೆ ಅಡ್ಡ ನಿಂತಳು.

“ಬೆಂಕಿ ಹತ್ತಿದ್ರ ನೀ ಬಂದು ಒದರ್ತೀ ಏನಪಾ? ತಿರುಗಿ ಹಾಕು, ಆಮ್ಯಾಲ ಇಳಿ.”

ಅವನು ಗೊಣಗುತ್ತ ಬ್ಯಾಟರಿ ಹಾಕಿದ. ಅವ್ವ ಕೆಂಡದ ಬಟ್ಟಲನ್ನು ಅಲಾರಾಮಿನ ಕೆಳಗೆ ಹಿಡಿದಳು. ಅದು ಚೀರಿದ ಮೇಲೆಯೇ ಅವನನ್ನು ಇಳಿಯಗೊಟ್ಟಳು.

ಮರುದಿನ ಅವ್ವ ಹೊಗೆಯಾಡುವ ಅದೇ ಬಟ್ಟಲು ಹಿಡಿದು ನಮ್ಮ ಮಹಡಿಯ ಉಳಿದ ಮೂರೂ ಮನೆಗಳಿಗೆ ಹೋಗಿಬಂದಳು. ಎಲ್ಲಿಯೂ ಒಂದು ಅಲಾರಾಮೂ ಚೀರಲಿಲ್ಲ.