ಅಧ್ಯಕ್ಷರ ಕಬಡ್ಡಿ, ನನ್ನ ಎಡ ಕಾರ್ನರ್

ಕಾಲೇಜಿನ ಕಬಡ್ಡಿ ತಂಡದಲ್ಲಿ ನಾನು ಎಡ ಕಾರ್ನರ್. ಎದುರಾಳಿ ರೈಡರ್ ನಮ್ಮ ಅಂಕಣಕ್ಕೆ ನುಗ್ಗಿದಾಗ ಮೂಲೆಯಲ್ಲಿ ಬಗ್ಗಿ ನಿಂತು ಕಾದು, ಅವನ ಪಾದದ ಗಂಟು ಹಿಡಿದು ಕೆಡಹುವುದು ನನ್ನ ಕೆಲಸ. ಚಪ್ಪಾಳೆ ಮಾತ್ರ ಯಾವತ್ತೂ ರೈಡರ್‌ಗೇ. ತೊಡೆ ತಟ್ಟಿಕೊಂಡು ಹೋಗಿ ಬರಿಗೈಲಿ ವಾಪಸ್ ಬಂದರೂ ಅವನಿಗೆ ಸಿಳ್ಳೆ. ಹಿಡಿಯುವವನು ಯಾರೆಂದು ಕೇಳುವವರಿಲ್ಲ.

ಅಂಥ ಆಟ ನೋಡಿಯೂ ಒಬ್ಬರು ನನ್ನನ್ನು ಮೆಚ್ಚಿದರು. ಅಬುಧಾಬಿಯ ಮುಸಫ್ಫಾದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ನಮ್ಮ ಕಡೆಯವರು. ತೊಂಬತ್ತರ ದಶಕದಲ್ಲಿ ಅವರ ವೀಸಾದಲ್ಲೇ ಹೋದೆ. ಕಾಗದದಲ್ಲಿ ಸ್ಟೋರ್ ಕೀಪರ್. ನಿಜಕ್ಕೂ ಬೇಕಾಗಿದ್ದದ್ದು ಅವರು ಅಧ್ಯಕ್ಷರಾಗಿದ್ದ ಊರವರ ಸಂಘದ ತಂಡಕ್ಕೊಬ್ಬ ಎಡ ಕಾರ್ನರ್. ಕೆಲವು ವರ್ಷ ಆಡಿದೆ. ಆಮೇಲೆ ಮೊಣಕಾಲು ಹೋಯಿತು, ಹೊಟ್ಟೆ ಬಂತು. ಅಧ್ಯಕ್ಷರು ಒಂದು ದಿನ ಸೀಟಿ ಕೈಗಿಟ್ಟು, "ಇನ್ನು ನೀನು ಕೋಚ್ ಮಾರಾಯ" ಅಂದರು. ನನಗೆ ಅವಮಾನವಾಯಿತು. ಕೋಚ್ ಎಂದರೆ ಆಡಲಾಗದೆ ಗೆರೆಯಾಚೆ ನಿಂತು ಕಿರುಚುವವನು ಎಂದೇ ತಿಳಿದಿದ್ದೆ.

ಆದರೂ ಕಲಿಸಿದೆ. ತಂಡದವರೆಲ್ಲ ವೆಲ್ಡರ್‌ಗಳು, ಫಿಟ್ಟರ್‌ಗಳು, ಡ್ರೈವರ್‌ಗಳು. ಡ್ಯೂಟಿ ಮುಗಿಸಿ ಲೇಬರ್ ಕ್ಯಾಂಪಿನ ಹಿಂದಿನ ಮರಳಿನಲ್ಲಿ ಬೀಳುತ್ತಿದ್ದರು, ಏಳುತ್ತಿದ್ದರು. ಸಂಘದ ಕಮಿಟಿಯವರು ಅತ್ತ ತಲೆ ಹಾಕಿದವರಲ್ಲ. ಅವರ ಕಬಡ್ಡಿಯೆಲ್ಲ ಎಸಿ ರೂಮಿನಲ್ಲಿ, ಸಮೋಸದ ಸುತ್ತ. ನನ್ನ ಜಾಗಕ್ಕೆ ಬಂಟ್ವಾಳದ ಕಡೆಯ ಒಬ್ಬ ವೆಲ್ಡರನ್ನು ತಯಾರು ಮಾಡಿದೆ. ಆತುರಗಾರ; ಕಾಲು ಕಂಡ ಕೂಡಲೇ ಹಾರುತ್ತಿದ್ದ. "ಕಾಯಿ, ಕಾಯಿ" ಎಂದು ಬೈದು ಬೈದು ನನ್ನ ಗಂಟಲು ಕೆಟ್ಟಿತ್ತು. ದುಬೈಯಲ್ಲಿ ಸಂಘಗಳ ಟೂರ್ನಮೆಂಟಿನ ಫೈನಲ್ ಆಡಬೇಕೆಂದು ಅವನು ಫೋರ್‌ಮನ್ ಜೊತೆ ಜಗಳವಾಡಿ ರಜೆ ಗಿಟ್ಟಿಸಿದ.

ಫೈನಲ್ ಹತ್ತಿರ ಬಂದಾಗ ಅಧ್ಯಕ್ಷರು ವಿಸಿಟ್ ವೀಸಾದಲ್ಲಿ ಊರಿನಿಂದ ನಾಲ್ವರು ಆಟಗಾರರನ್ನು ಇಳಿಸಿದರು. ನಾಲ್ವರೂ ರೈಡರ್‌ಗಳು!

"ಹಿಡಿಯೋರು ಯಾರು ಸರ್?" ಎಂದೆ.

"ಹಿಡೀಲಿಕ್ಕೆ ಎಂತ ಉಂಟು? ಯಾರು ಬೇಕಾದ್ರೂ ಹಿಡೀತಾರೆ."

ಎದುರಾಳಿಗೂ ರೈಡ್ ಮಾಡುವ ಸರದಿ ಬರುತ್ತದೆ ಎಂಬುದು ಆ ಮಹಾನುಭಾವರಿಗೆ ಹೊಳೆದಿರಲಿಲ್ಲ. ನಾಲ್ವರು ಬಂದದ್ದಕ್ಕೆ ನಮ್ಮ ನಾಲ್ವರು ಬೆಂಚಿಗೆ ಹೋದರು. ಉಳಿದ ಮೂವರಲ್ಲಿ ನಮ್ಮ ವೆಲ್ಡರ್ ಹೇಗೋ ಸೇರಿಕೊಂಡ.

ದುಬೈಯ ಊದ್ ಮೇಥಾದ ಶಾಲಾ ಮೈದಾನ. ಟ್ಯಾಂಕರ್ ನೀರು ಹೊಯ್ದು ಅಂಕಣ ಹದ ಮಾಡಿದ್ದರು. ಜನ ಕಿಕ್ಕಿರಿದಿದ್ದರು. ಆಟಕ್ಕೆ ಮುಂಚೆ ಅಧ್ಯಕ್ಷರು ಒಂದು ಜರ್ಸಿ ಹಿಡಿದುಕೊಂಡು ಬಂದರು.

"ಆ ವೆಲ್ಡರನ್ನು ಕೂರಿಸು. ಎಡಗಡೆ ನೀನೇ ಇಳಿ ಮಾರಾಯ. ನಿನ್ನ ಹೆಸ್ರು ಜನಕ್ಕೆ ಗೊತ್ತುಂಟು, ಮೈಕಿನಲ್ಲಿ ಹೇಳ್ಲಿಕ್ಕೂ ಚಂದ."

ನನ್ನ ಕೈ ಜರ್ಸಿಯ ಮೇಲೆ ಹೋಯಿತು. ಇಳಿಯುವ ಆಸೆ ಅಷ್ಟಿತ್ತು. ಪಕ್ಕದಲ್ಲೇ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ ವೆಲ್ಡರ್ ಸುತ್ತುವುದನ್ನು ನಿಲ್ಲಿಸಿದ್ದ. ಎಲ್ಲ ಕೇಳಿಸಿದೆ, ಆದರೂ ತಲೆ ಎತ್ತುತ್ತಿಲ್ಲ.

"ಆಗೋದಿಲ್ಲ ಸರ್. ಅವನೇ ಆಡ್ತಾನೆ."

"ನಿನ್ನ ವೀಸಾ ಯಾರದ್ದು ಅಂತ ನೆನಪುಂಟಲ್ಲ?"

"ಉಂಟು ಸರ್. ಸ್ಟೋರ್ ಕೀಪರ್ ವೀಸಾ. ಕಾರ್ನರ್‌ದ್ದಲ್ಲ."

(ವೀಸಾ ಅವರು ಕ್ಯಾನ್ಸಲ್ ಮಾಡಲಿಲ್ಲ. ದೊಡ್ಡ ಮನಸ್ಸೇನಲ್ಲ, ಸ್ಟೋರಿನಲ್ಲಿ ಯಾವ ಸಾಮಾನು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ.)

ಆಟ ನಡೆಯಿತು. ನಾಲ್ವರು ಮಹಾಶೂರರೂ ಸರದಿಯಂತೆ ತೊಡೆ ತಟ್ಟಿದರು, ಪಾಯಿಂಟೂ ತಂದರು. ಎದುರಾಳಿ ಬಂದಾಗ ಮಾತ್ರ ಮದುವೆ ಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ ನಿಂತರು. ವೆಲ್ಡರ್ ಒಬ್ಬನೇ ಮಣ್ಣಿಗೆ ಬೀಳುತ್ತಿದ್ದ. ಎರಡು ಸಲ ಹಿಡಿದ. ಎದುರಾಳಿಯ ಕೊನೆಯ ರೈಡಿನಲ್ಲಿ ರೈಡರ್‌ನ ಕಾಲು ಅವನ ಕೈಗೆ ಸಿಕ್ಕಿ ಜಾರಿತು, ಒಂದು ಪಾಯಿಂಟಿನಲ್ಲಿ ಸೋತೆವು. ಅಧ್ಯಕ್ಷರು ವೇದಿಕೆ ಹತ್ತಿ ತಾವು ಕರೆಸಿದ ರೈಡರ್‌ಗಳಲ್ಲೊಬ್ಬನಿಗೇ ಶ್ರೇಷ್ಠ ಆಟಗಾರನ ಕಪ್ ಕೊಟ್ಟು, ತಾವೇ ಗೆದ್ದವರಂತೆ ಕೈ ಬೀಸಿದರು.

ವೆಲ್ಡರ್ ನನ್ನ ಹತ್ತಿರ ಬಂದ. ಮೊಣಕೈ ಚರ್ಮ ಕಿತ್ತಿತ್ತು.

"ಅಣ್ಣಾ, ಕಡೇದ್ದು ಎಲ್ಲಿ ತಪ್ಪಿತು?"

"ನೀನು ತಡ ಮಾಡಿದೆ. ಅವನು ಹಿಮ್ಮಡಿ ಎತ್ತುವಾಗ್ಲೇ ಹೋಗ್ಬೇಕಿತ್ತು. ಕಾಯಿ ಅಂದ್ರೆ ನಿದ್ದೆ ಮಾಡು ಅಂತ ಅಲ್ಲ."

ಅವನು ಅಲ್ಲೇ, ಹೋಗುವ ಜನರ ಮಧ್ಯೆ, ಬಗ್ಗಿ ಕೈ ಚಾಚಿ ನಿಂತ. "ಹೀಗಾ?"

ನಾನು ನೋಯುವ ಮೊಣಕಾಲೂರಿ ಕೂತು ಅವನ ಎಡಗಾಲನ್ನು ಹಿಡಿದು ಸ್ವಲ್ಪ ಹಿಂದೆ ಸರಿಸಿದೆ. ಅವನು ಮತ್ತೆ ಹಾರಿದ, ಮತ್ತೆ ಸರಿಪಡಿಸಿದೆ. ವ್ಯಾನ್ ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಹಾರ್ನ್ ಬಾರಿಸುವವರೆಗೂ ಅದೇ ನಡೆಯಿತು. ನಾನೇ ಇಳಿದಿದ್ದರೆ ಆ ರೈಡರ್‌ನ ಕಾಲು ಜಾರುತ್ತಿತ್ತೇ ಎಂಬ ಯೋಚನೆ ನನಗೆ ಬರಲೇ ಇಲ್ಲ. ಬರಲಿಲ್ಲ ಎಂದು ಗೊತ್ತಾದದ್ದೂ ಅಬುಧಾಬಿಗೆ ಅರ್ಧ ದಾರಿ ಬಂದ ಮೇಲೆ.